ಎದೆ ಮಾತ್ರೆಯ ಪಥ್ಯ

"ಪಥ್ಯ ಏನು ಡಾಕ್ಟ್ರಮ್ಮ?" ಎಂದು ಯಾರಾದರೂ ಕೇಳಿದರೆ ಆಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಜ್ವರದ ಮಾತ್ರೆ ಕೊಟ್ಟರೂ ಅದೇ ಪ್ರಶ್ನೆ, ಕಜ್ಜಿಗೆ ಮುಲಾಮು ಕೊಟ್ಟರೂ ಅದೇ ಪ್ರಶ್ನೆ. ಬದನೆಕಾಯಿ ತಿನ್ನಬಹುದಾ, ಮೀನು ಬಿಡಬೇಕಾ, ತಲೆಗೆ ನೀರು ಹಾಕಿಕೊಳ್ಳಬಹುದಾ. ನಾನು ಮಂಗಳೂರಿನಲ್ಲಿ ಡಾಕ್ಟರಿಕೆ ಓದಿ ಬಂದವಳು. ಕಜ್ಜಿಗೂ ಬದನೆಕಾಯಿಗೂ ಏನ್ರೀ ಸಂಬಂಧ ಎಂದು ತಿರುಗಿ ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಹಾಗೆ ಬಾಯಿ ಮುಚ್ಚಿಸುವ ಚಟ ನನಗಿಲ್ಲದಿದ್ದರೆ ಮರಗಸಿ ಮೇಸ್ತ್ರಿಗೆ ಆ ವರ್ಷ ಅಷ್ಟು ಕಷ್ಟ ಬರುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ವನಗೂರಿನ ಕಡೆ ಏಳೆಂಟು ಎಸ್ಟೇಟಿನವರು ಸೇರಿ ನಡೆಸುತ್ತಿದ್ದ ಸಣ್ಣ ಆಸ್ಪತ್ರೆಯಲ್ಲಿ ನಾನೊಬ್ಬಳೇ ಡಾಕ್ಟರು. ಆರು ಹಾಸಿಗೆ, ಒಂದು ಹೆರಿಗೆ ಟೇಬಲ್ಲು, ಒಂದು ಹಳೆಯ ಇಸಿಜಿ ಯಂತ್ರ. ಜೊತೆಗೆ ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಕಾಂಪೌಂಡರು. ಊರಿನ ಪ್ರತಿಯೊಬ್ಬರ ಹೊಟ್ಟೆ, ಹಲ್ಲು, ಜಗಳ ಎಲ್ಲದರ ಇತಿಹಾಸ ಅವರ ತಲೆಯಲ್ಲಿತ್ತು. ಅವರಿಲ್ಲದಿದ್ದರೆ ನಾನು ಅಲ್ಲಿ ಆರು ತಿಂಗಳೂ ನಿಲ್ಲುತ್ತಿರಲಿಲ್ಲ.

ಕಾಫಿ ಗಿಡಕ್ಕೆ ಬೇಕಾದಷ್ಟೇ ಬಿಸಿಲು ಬೀಳಲೆಂದು ನೆರಳಿನ ಮರಗಳ ಕೊಂಬೆ ಸವರುವುದಕ್ಕೆ ಮರಗಸಿ ಎನ್ನುತ್ತಾರೆ. ಮೇಸ್ತ್ರಿ ಆ ಕೆಲಸದಲ್ಲಿ ಹೆಸರು ಮಾಡಿದ ಆಳು. ಮಳೆಗಾಲಕ್ಕೆ ಮುಂಚೆ ಮರಗಸಿ, ಕಾಫಿ ಹಣ್ಣಿನ ಕೊಯ್ಲು ಮುಗಿಯುತ್ತಿದ್ದಂತೆ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸು ಬಿಡಿಸುವುದು. ಎರಡಕ್ಕೂ ಒಂಟಿ ಬಿದಿರಿನ ಏಣಿ. ನಲವತ್ತಾರು ವರ್ಷ, ಒಂದು ಚೂರೂ ಬೊಜ್ಜಿಲ್ಲದ ಮೈ, ದಿನಕ್ಕೆ ಒಂದು ಕಟ್ಟು ಬೀಡಿ. ಹೆಂಡತಿಯೂ ಅದೇ ತೋಟದಲ್ಲಿ ಹಣ್ಣು ಕುಯ್ಯುವ ಕೆಲಸಕ್ಕೆ ಬರುತ್ತಿದ್ದಳು. ಮಗಳನ್ನು ಮದುವೆ ಮಾಡಿ ಕೊಟ್ಟಾಗಿತ್ತು. ಕೂಲಿಯವರ ಲೈನು ಮನೆಗಳಿಂದ ಆಚೆ, ತಮ್ಮದೇ ಒಂದು ಎಕರೆಯಲ್ಲಿ ಸಣ್ಣ ಮನೆ.

ಜನವರಿಯ ಒಂದು ಬೆಳಿಗ್ಗೆ ಹತ್ತೂವರೆಗೆ ಮೇಸ್ತ್ರಿ ನಡೆದುಕೊಂಡೇ ಬಂದ. ಅಂಗಿ ಒದ್ದೆ, ಮುಖ ಬೂದಿ ಬಣ್ಣ, ಎಡಗೈಯನ್ನು ಎದೆಗೆ ಒತ್ತಿ ಹಿಡಿದಿದ್ದ.

"ಏನೂ ಇಲ್ಲ ಕಣಮ್ಮ, ಗ್ಯಾಸು. ಒಂದು ಸೂಜಿ ಹಾಕ್ಬುಡಿ, ಹೋಗ್ತೀನಿ. ಏಣಿ ಮರಕ್ಕೇ ಒರಗ್ಸಿ ಬಂದಿವ್ನಿ."

ಮಲಗಿಸಿ, ಎದೆಗೆ ಜೆಲ್ಲಿ ಬಳಿದು, ಇಸಿಜಿಯ ರಬ್ಬರ್ ಬುರುಡೆಗಳನ್ನು ಒತ್ತಿ ಕೂರಿಸಿದೆ. ಕಾಗದ ಹೊರಬರುತ್ತಿದ್ದ ಹಾಗೇ ಗೊತ್ತಾಯಿತು. ಸಮವಾಗಿ ಹೋಗಬೇಕಾದ ಗೆರೆ ಗುಡ್ಡದ ಹಾಗೆ ಎದ್ದು ನಿಂತಿತ್ತು. ಆಸ್ಪಿರಿನ್ ಅಗಿಯಲು ಕೊಟ್ಟೆ, ರಕ್ತದ ಒತ್ತಡ ನೋಡಿ ನಾಲಿಗೆ ಕೆಳಗೆ ಒಂದು ಮಾತ್ರೆ ಇಟ್ಟೆ, ಡ್ರಿಪ್ಪಿಗೆ ಸೂಜಿ ಹಾಕಿದೆ. ಕಾಂಪೌಂಡರು ಆಗಲೇ ಎಸ್ಟೇಟಿನ ಜೀಪು ಕರೆಸಿ ಹಿಂದಿನ ಸೀಟು ಬಿಚ್ಚಿಸಿದ್ದರು. ಸಕಲೇಶಪುರ ದಾಟಿ ಹಾಸನದ ದೊಡ್ಡಾಸ್ಪತ್ರೆ ಮುಟ್ಟುವ ತನಕ ನಾನು ಜೀಪಿನ ನೆಲದ ಮೇಲೆ ಕೂತು ಅವನ ನಾಡಿ ಹಿಡಿದಿದ್ದೆ. ತಿರುವು ಬಂದಾಗಲೆಲ್ಲ ಅವನ ಹೆಂಡತಿ ನನ್ನ ಬೆನ್ನಿಗೆ ಕೈ ಕೊಟ್ಟು ಬೀಳದಂತೆ ತಡೆಯುತ್ತಿದ್ದಳು.

ರಕ್ತದ ಗಡ್ಡೆ ಕರಗಿಸುವ ಔಷಧಿ ಹೊತ್ತಿಗೆ ಸರಿಯಾಗಿ ಸಿಕ್ಕಿತು. ಹನ್ನೆರಡನೇ ದಿನಕ್ಕೆ ಮೇಸ್ತ್ರಿ ಮನೆಗೆ ಬಂದ. ಮಾರನೇ ದಿನ ಗಂಡ ಹೆಂಡತಿ ಇಬ್ಬರೂ ನನ್ನ ಮುಂದೆ ಕೂತರು. ನಾನು ಬಹಳ ಖುಷಿಯಲ್ಲಿದ್ದೆ. ನನ್ನ ಕೈಯಿಂದ ಬದುಕಿದ ಮೊದಲ ಹೃದಯಾಘಾತ ಅದು. ಬೀಡಿ ಬಂದ್, ಉಪ್ಪು ಕಡಿಮೆ, ಎಣ್ಣೆ ಕಡಿಮೆ, ಸದ್ಯಕ್ಕೆ ಮರ ಹತ್ತುವಂತಿಲ್ಲ, ದಿನಾ ನಿಧಾನಕ್ಕೆ ನಡೆಯಬೇಕು ಎಂದು ಬೆರಳು ಮಡಚಿ ಹೇಳಿದೆ. ಮಾತ್ರೆಗಳನ್ನು ತೋರಿಸಿದೆ. ಅದರಲ್ಲಿ ಎದೆಬಡಿತ ನಿಧಾನ ಮಾಡುವ ಸಣ್ಣ ಬಿಳಿ ಮಾತ್ರೆಯೇ ಬಹಳ ಮುಖ್ಯ, ಒಂದು ದಿನವೂ ತಪ್ಪಿಸಬಾರದು ಎಂದೆ.

ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. "ಪಥ್ಯ ಏನಮ್ಮ ಇದಕ್ಕೆ?"

"ಹೇಳಿದ್ನಲ್ರೀ ಇಷ್ಟೊತ್ತು!"

"ಅಲ್ಲ ಕಣಮ್ಮ, ಅದಲ್ಲ..." ಎಂದವನು ಹೆಂಡತಿಯ ಕಡೆ ನೋಡಿ ಸುಮ್ಮನಾದ.

ಅವಳು ಕೇಳಿದಳು: "ಎಷ್ಟು ದಿವ್ಸ ನುಂಗ್ಬೇಕು ಡಾಕ್ಟ್ರಮ್ಮ?"

"ಜೀವ ಇರೋ ತನಕ," ಎಂದೆ, ನಗುತ್ತಾ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರತಿ ತಿಂಗಳೂ ಮಾತ್ರೆಗೆ ಸಕಲೇಶಪುರಕ್ಕೆ ಅಲೆಯಬೇಕಲ್ಲ ಎಂಬ ಚಿಂತೆ ಇರಬೇಕು ಎಂದುಕೊಂಡು, ಮಾತ್ರೆ ಇಲ್ಲೇ ತರಿಸಿಕೊಡುತ್ತೇನೆ ಎಂದೆ. ಹಳೆಯ ಖಾಲಿ ಪಟ್ಟಿ ತಂದು ತೋರಿಸಿದರೆ ಹೊಸ ಪಟ್ಟಿ ಕೊಡುವುದು ಎಂದು ಕಾಂಪೌಂಡರು ತಮ್ಮ ಕಟ್ಟಳೆ ಹೇಳಿದರು. ಗಂಡ ಹೆಂಡತಿ ತಲೆಯಾಡಿಸಿ ಎದ್ದರು. ಆ ದಿನ ಎರಡು ನಿಮಿಷ ಹೆಚ್ಚಿಗೆ ಕೂರಿಸಿಕೊಂಡಿದ್ದರೆ ಮುಂದಿನದ್ದೆಲ್ಲ ಆಗುತ್ತಿರಲಿಲ್ಲ ಎಂದು ಈಗಲೂ ಅನಿಸುತ್ತದೆ.

ಮೊದಲ ಎರಡು ತಿಂಗಳು ಎಲ್ಲಾ ಸರಿಯಿತ್ತು. ಮೇಸ್ತ್ರಿಗೆ ಸ್ಟೋರಿನಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದರು. ಹದಿನೈದು ದಿನಕ್ಕೊಮ್ಮೆ ಬಂದು ತೋರಿಸಬೇಕು. ನಾಡಿ ನಿಮಿಷಕ್ಕೆ ಅರವತ್ತರ ಆಸುಪಾಸು. ಆ ಬಿಳಿ ಮಾತ್ರೆ ನುಂಗುವವರಿಗೆ ಇರಬೇಕಾದ್ದೇ ಅಷ್ಟು. ಮಾರ್ಚ್ ಕೊನೆಯಲ್ಲಿ ಒಮ್ಮೆ ಬಂದಾಗ ತೊಂಬತ್ತಾರು ಇತ್ತು. ನಡೆದುಕೊಂಡು ಬಂದಿದ್ದಾನೆ ಎಂದು ಅರ್ಧ ಗಂಟೆ ಕೂರಿಸಿ ನೋಡಿದರೂ ತೊಂಬತ್ತನಾಲ್ಕು.

"ಮಾತ್ರೆ ತಗೊಳ್ತಿದ್ದೀರಾ ಮೇಸ್ತ್ರಿ?"

"ದೇವ್ರಾಣೆಗೂ ಕಣಮ್ಮ. ಪಟ್ಟಿ ನೋಡಿ ಬೇಕಾರೆ."

ಪಟ್ಟಿ ಖಾಲಿಯಿತ್ತು. ಮುಂದಿನ ಸಲ ಅರವತ್ತೆರಡು. ಅದರ ಮುಂದಿನ ಸಲ ಮತ್ತೆ ತೊಂಬತ್ತೆಂಟು. ನನಗೆ ತಲೆ ಕೆಟ್ಟುಹೋಯಿತು. ಥೈರಾಯ್ಡ್ ಇರಬಹುದಾ, ಮಾತ್ರೆ ಕಂಪನಿಯದ್ದೇ ಕಳಪೆ ಮಾಲಾ ಎಂದೆಲ್ಲ ಯೋಚಿಸಿದೆ. ಸಂಜೆ ಕಾಂಪೌಂಡರು ರಿಜಿಸ್ಟರ್ ತಿರುವಿ ಹಾಕುತ್ತಾ, "ಮೇಡಂ, ಏರಿರೋದೆಲ್ಲ ಸೋಮವಾರ ನೋಡಿ. ಬೇರೆ ದಿವ್ಸ ಬಂದಾಗೆಲ್ಲ ಸರಿ ಐತೆ," ಎಂದರು. ಭಾನುವಾರ ತೋಟಕ್ಕೆ ರಜ. ಹೆಂಡ ಕುಡಿಯುತ್ತಿದ್ದಾನೆ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಮುಂದಿನ ಸಲ ಬಂದಾಗ ಎಲ್ಲರ ಎದುರಿಗೆ ಬೈದೆ. ಅವನು ತಲೆ ತಗ್ಗಿಸಿ ಬೈಸಿಕೊಂಡ. ಕುಡಿದಿಲ್ಲ ಎಂದೂ ಹೇಳಲಿಲ್ಲ.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಅವನನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು. ಎದೆನೋವು. ತಲೆಯಲ್ಲಿ ಎಣ್ಣೆ, ಸೀಗೆಪುಡಿಯ ವಾಸನೆ. ಆಗಷ್ಟೇ ಸ್ನಾನ ಮಾಡಿದ್ದ. ನಾಡಿ ನೂರಾಹತ್ತು. ನಾಲಿಗೆ ಕೆಳಗೆ ಮಾತ್ರೆ ಇಟ್ಟ ಮೇಲೆ ಹತ್ತು ನಿಮಿಷಕ್ಕೆ ನೋವು ಇಳಿಯಿತು. ಇಸಿಜಿಯಲ್ಲಿ ಹೊಸ ಪೆಟ್ಟೇನೂ ಕಾಣಲಿಲ್ಲ. ಹಾಸನಕ್ಕೆ ಹೋಗೋಣ ಎಂದರೆ ಬಿಲ್ಕುಲ್ ಒಪ್ಪಲಿಲ್ಲ. ನಮ್ಮಲ್ಲೇ ಮಲಗಿಸಿಕೊಂಡು ಆರು ಗಂಟೆಗೊಮ್ಮೆ ಇಸಿಜಿ ತೆಗೆದೆ. ಕುಡಿದ ವಾಸನೆ ಎಳ್ಳಷ್ಟೂ ಇರಲಿಲ್ಲ. ಎಲ್ಲರೆದುರು ಬೈದದ್ದು ನೆನಪಾಗಿ ನನಗೆ ಮುಖ ಎತ್ತಿ ಅವನನ್ನು ನೋಡಲಾಗಲಿಲ್ಲ.

ಮಂಗಳವಾರ ಹೊರರೋಗಿಗಳೆಲ್ಲ ಹೋದ ಮೇಲೆ ಅವನ ಹೆಂಡತಿ ಒಳಗೆ ಬಂದಳು. ಸೊಂಟ ನೋವು ಎಂದಳು. ಪರೀಕ್ಷೆ ಮಾಡಲು ಪರದೆ ಎಳೆದ ಕೂಡಲೇ ಸೊಂಟದ ಮಾತು ಬಿಟ್ಟು, ಸೆರಗಿನ ಗಂಟು ಬಿಚ್ಚಿ ಒಂದು ಬೀಡಿ ಡಬ್ಬಿ ತೆಗೆದು ಟೇಬಲ್ಲಿನ ಮೇಲಿಟ್ಟಳು. ಮುಚ್ಚಳ ತೆಗೆದರೆ ಬಿಳಿ ಮಾತ್ರೆಗಳು. ಹತ್ತರ ಮೇಲಿದ್ದವು.

"ಗ್ವಾಡೆ ಗೂಡ್ನಾಗೆ ಸಿಕ್ತು. ಪಟ್ಟಿಯಿಂದ ಬಿಡ್ಸಿ ಬಿಡ್ಸಿ ಇಲ್ಲಿಗೆ ಹಾಕವ್ರೆ."

"ಯಾಕೆ?"

ಅವಳು ನೆಲ ನೋಡುತ್ತಾ ಒಂದೇ ಉಸಿರಿಗೆ ಹೇಳಿದಳು. ಆ ಕಡೆ ಮುರಿದ ಮೂಳೆಗಿರಲಿ, ಕಾಮಾಲೆಗಿರಲಿ, ನಾಟಿ ಔಷಧಿ ತೆಗೆದುಕೊಳ್ಳುವಷ್ಟು ದಿನ ಗಂಡ ಹೆಂಡತಿ ಬೇರೆ ಬೇರೆ ಮಲಗಬೇಕು. ಮೀನು, ಬದನೆಕಾಯಿ ಬಿಡುವುದಕ್ಕಿಂತ ಅದು ದೊಡ್ಡ ಪಥ್ಯ. ಔಷಧಿ ನಿಲ್ಲಿಸಿ ಮೂರು ದಿನ ಕಳೆದು, ಎಣ್ಣೆ ನೀರು ಹಾಕಿಕೊಂಡರೆ ಪಥ್ಯ ಮುಗಿದ ಹಾಗೆ. ಇಲ್ಲದಿದ್ದರೆ ಔಷಧಿ ಮೈಯಲ್ಲಿ ತಿರುಗಿ ನಿಂತು ಗಂಡಸಿನ ಜೀವ ತೆಗೆಯುತ್ತದೆ ಎಂಬ ನಂಬಿಕೆ. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಪಥ್ಯ ಎಂದರೆ ಸಾಕು, ಎಲ್ಲರಿಗೂ ಗೊತ್ತು. ನಾಟಿ ಔಷಧಿಯಾದರೆ ಹನ್ನೊಂದು ದಿನ, ಇಪ್ಪತ್ತೊಂದು ದಿನ. ನಾನು ಜೀವ ಇರುವ ತನಕ ಎಂದುಬಿಟ್ಟಿದ್ದೆ.

ಹಾಗಾಗಿ ಮೇಸ್ತ್ರಿ ತನ್ನದೇ ದಾರಿ ಹುಡುಕಿಕೊಂಡಿದ್ದ. ಗುರುವಾರ ಮಾತ್ರೆ ನಿಲ್ಲಿಸುವುದು, ಭಾನುವಾರ ಎಣ್ಣೆ ನೀರು, ಮತ್ತೆ ಸೋಮವಾರದಿಂದ ಶುರು.

"ಎಲ್ಡು ಸಲ ನಂಬ್ದೆ ಡಾಕ್ಟ್ರಮ್ಮ. ಡಾಕ್ಟ್ರು ಮೂರು ದಿವ್ಸ ಮಾತ್ರೆಗೆ ರಜ ಕೊಟ್ಟವ್ರೆ ಅಂದ್ರು. ಆದ್ರೂ ನಂಗೆ ಜೀವ ಪುಕಪುಕ ಅಂತಿತ್ತು. ಬೆಳಗಾಗೋ ತಂಕ ಅವ್ರ ಎದೆ ಮ್ಯಾಲೆ ಕೈ ಇಟ್ಕಂಡು ಕೂತಿದ್ದೆ. ಮೊನ್ನೆ ಈ ಡಬ್ಬಿ ಸಿಕ್ತು. ಹತ್ರ ಬರ್ಬೇಡಿ ಅಂದೆ. ಜಗಳ ಆಯ್ತು. ಮುಟ್ಟೂ ಇಲ್ಲ ಕಣಮ್ಮ, ಬರೀ ಜಗಳಕ್ಕೇ ಎದೆ ಹಿಡ್ಕಂಡ್ಬುಟ್ರು."

ಮೂರು ದಿನ ಮಾತ್ರೆ ಬಿಟ್ಟ ಮೈ, ಸ್ನಾನದ ಹಂಡೆಗೆ ಸೌದೆ ಒಡೆದ ಆಯಾಸ, ಮೇಲೆ ಸಿಟ್ಟು. ನೋವು ಬಾರದೆ ಇನ್ನೇನು? ಅವಳಿಗೆ ಅದನ್ನು ಹೇಳುವ ಮುಂಚೆ ಅವಳೇ ಮುಂದುವರಿಸಿದಳು.

"ನಾನು ಎದುರಿಗಿದ್ರೆ ಅವ್ರು ಮಾತ್ರೆ ಬುಡ್ತಾರೆ. ನಂಗೇನು ಆಸೆ ಇಲ್ಲ ಅಂತಲ್ಲ, ಸುಳ್ಳು ಯಾಕೆ ಹೇಳ್ಲಿ. ಇಪ್ಪತ್ತಾರು ವರ್ಸ ಒಂದೇ ಚಾಪೆ. ಆದ್ರೆ ಅವ್ರಿಗೆ ನಾನೇ ಯಮ ಆಗಾಕೆ ಆಯ್ತದಾ? ಗುರುವಾರ ಬಸ್ಸಿಗೆ ಆಲೂರ್ ಕಡೆ ತವರಿಗೆ ಹೋಗ್ಬುಡ್ತೀನಿ. ಅಣ್ಣಂಗೆ ಹೇಳಿ ಕಳ್ಸೀನಿ. ಅವ್ರು ದಿನಾ ಮಾತ್ರೆ ನುಂಗ್ಕಂಡು ಬದುಕ್ಲಿ. ನೀವು ಅವ್ರಿಗೆ ಬೈಬ್ಯಾಡಿ, ಅದನ್ನೇ ಹೇಳಾಕೆ ಬಂದೆ."

ನನಗೆ ಕಣ್ಣು ತುಂಬಿ ಬಂತು. ಎಂಟು ವರ್ಷ ಓದಿದ ನಾನು ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ಕೇಳದೆ ಹೋದೆ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಮಾನ ಬಿಟ್ಟು ಬಂದು ಉತ್ತರ ಹೇಳುತ್ತಿದ್ದಳು. ಮೂರು ವಾರ ಕಾಯಿ, ಹೋಗಬೇಡ ಎಂದೆ. ದಿನಾ ಬೆಳಿಗ್ಗೆ ಮಾತ್ರೆ ನೀನೇ ಕೈಗೆ ಕೊಟ್ಟು, ನುಂಗಿದ್ದನ್ನು ನೋಡಬೇಕು ಎಂದೆ. ಅವಳು ಅರೆಮನಸ್ಸಿನಿಂದ ಒಪ್ಪಿದಳು.

ಮೇಸ್ತ್ರಿಯ ಹಾಸಿಗೆಯ ಪಕ್ಕ ಹೋಗಿ ಡಬ್ಬಿ ತೋರಿಸಿದೆ. ಅವನು ಗೋಡೆ ಕಡೆ ತಿರುಗಿಕೊಂಡ.

"ಬೈಯ್ಯೋಕೆ ಬಂದಿಲ್ಲ ಮೇಸ್ತ್ರಿ. ಮೂರು ವಾರ ಒಂದೂ ತಪ್ಪಿಸದೆ ನುಂಗಿ. ಆಮೇಲೆ ಪಥ್ಯದ ಮಾತು ನಾನೇ ಹೇಳ್ತೀನಿ."

ಹೇಳುತ್ತೇನೆ ಎಂದೆನೇ ಹೊರತು ಏನು ಹೇಳಬೇಕು ಎಂದು ನನಗೇ ಖಚಿತವಿರಲಿಲ್ಲ. ಓದುವಾಗ ಪುಸ್ತಕದಲ್ಲಿ ಆ ವಿಷಯ ಒಂದು ಸಾಲು ಬಂದಿತ್ತು. ಪರೀಕ್ಷೆಗೆ ಬರುವುದಿಲ್ಲ ಎಂದು ಎಲ್ಲರೂ ದಾಟಿ ಹೋಗಿದ್ದೆವು. ಎಸ್ಟೇಟ್ ಆಫೀಸಿಗೆ ಹೋಗಿ, ಲೆಕ್ಕ ಬರೆಯುವ ರೈಟರನ್ನು ಹೊರಗೆ ಕಳಿಸಿ, ಮಂಗಳೂರಿನಲ್ಲಿದ್ದ ನನ್ನ ಗುರುಗಳಿಗೆ ಫೋನ್ ಮಾಡಿದೆ. ಹೃದಯದ ಕಾಯಿಲೆಗೆ ದೊಡ್ಡ ಹೆಸರಿದ್ದವರು. ನಡೆದದ್ದೆಲ್ಲ ಹೇಳಿದೆ.

"ನಾವೂ ಮನೆಗೆ ಕಳಿಸುವಾಗ ಯಾರಿಗೂ ಇದನ್ನ ಹೇಳೋದಿಲ್ಲ ಕಣಮ್ಮ," ಎಂದರು. "ಅವರು ಕೇಳೋದಿಲ್ಲ, ನಾವು ಹೇಳೋದಿಲ್ಲ. ನೋಡು, ಗಟ್ಟಿ ಮನುಷ್ಯ ಎರಡು ಮಹಡಿ ಮೆಟ್ಟಿಲನ್ನ ಸ್ವಲ್ಪ ಚುರುಕಾಗಿ ಹತ್ತಿ, ಎದೆನೋವಾಗಲಿ ವಿಪರೀತ ಏದುಸಿರಾಗಲಿ ಬರದಿದ್ದರೆ, ಹೆಂಡತಿ ಜೊತೆ ಇರೋದಕ್ಕೆ ಅವನ ಹೃದಯ ತಡೆಯುತ್ತೆ. ಹೆಚ್ಚುಕಮ್ಮಿ ಅಷ್ಟೇ ಶ್ರಮ ಅದು. ಹಾಸನದಲ್ಲಿ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿದರೆ ಇನ್ನೂ ಒಳ್ಳೇದು."

"ಹಾಸನ ಅಂದ್ರೆ ಓಡಿ ಹೋಗ್ತಾನೆ ಸರ್. ಇಲ್ಲಿ ಎರಡು ಮಹಡಿ ಇರೋ ಮನೇನೇ ಇಲ್ಲ."

"ಗುಡ್ಡ ಇದೆಯಲ್ಲ!"

ಗುಡ್ಡಕ್ಕೇನು ಬರ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಿಂದ ನಮ್ಮ ಆಸ್ಪತ್ರೆಯ ಜಗಲಿಗೆ ಕಲ್ಲು ಕಡಿದು ಮಾಡಿದ ಮೆಟ್ಟಿಲುಗಳಿದ್ದವು. ಎಣಿಸಿದೆ, ನಲವತ್ತನಾಲ್ಕು. ಎಷ್ಟು ಹೊತ್ತು ಹಿಡಿಯುತ್ತದೆ ನೋಡಲು ಗಡಿಯಾರ ಹಿಡಿದು ನಾನೇ ಹತ್ತಿದೆ. ಮೇಲೆ ಬರುವಾಗ ನನಗೇ ಏದುಸಿರು.

"ಮೇಡಂ, ಮೊದ್ಲು ನಿಮ್ಮ ನಾಡಿ ನೋಡ್ಕಳಿ," ಎಂದರು ಕಾಂಪೌಂಡರು.

ಮೂರು ವಾರ ಕಳೆಯಿತು. ನಾಡಿ ಯಾವ ದಿನ ನೋಡಿದರೂ ಅರವತ್ತು, ಅರವತ್ತೆರಡು. ಪರೀಕ್ಷೆಯ ದಿನ ಬೆಳಿಗ್ಗೆ ಮೇಸ್ತ್ರಿಯನ್ನು ಮಲಗಿಸಿ ಇಸಿಜಿ ತೆಗೆದು, ಒತ್ತಡ ಬರೆದುಕೊಂಡು, ನಿಧಾನಕ್ಕೆ ಕೆಳಗೆ ಇಳಿಸಿದೆವು. ಕೆಲಸಕ್ಕೆ ಹೋಗುವ ಹಾಗೆ ಹತ್ತಿ, ಓಡಬೇಡಿ, ನೋವು ಬಂದರೆ ಅಲ್ಲೇ ಕೂರಿ ಎಂದು ಸಾವಿರ ಸಲ ಹೇಳಿದೆ. ಕಾಂಪೌಂಡರು ಜೇಬಿನಲ್ಲಿ ನಾಲಿಗೆ ಕೆಳಗಿನ ಮಾತ್ರೆ ಇಟ್ಟುಕೊಂಡು ಅವನ ಪಕ್ಕ ನಿಂತರು. ನಾನು ಮೇಲೆ ಯಂತ್ರದ ಹತ್ತಿರ. ಅವನ ಹೆಂಡತಿ ಜಗಲಿಯ ಕಂಬ ಹಿಡಿದು ನಿಂತಿದ್ದಳು.

ಅದೇ ತಪ್ಪಾಯಿತು. ಹೆಂಡತಿ ಮೇಲಿನಿಂದ ನೋಡುತ್ತಿದ್ದಾಳೆ ಎಂದು ಗೊತ್ತಾದ ಕೂಡಲೇ ಮರ ಹತ್ತುವ ಮನುಷ್ಯನಿಗೆ ಬಿಗುಮಾನ ಬಂದುಬಿಟ್ಟಿತು. ಎರಡೆರಡು ಮೆಟ್ಟಿಲು ಹಾರುತ್ತಾ ಕಾಂಪೌಂಡರನ್ನು ಅರ್ಧದಾರಿಯಲ್ಲೇ ಬಿಟ್ಟು ಓಡಿಬಂದ. ನಾಡಿ ನೂರಾಮೂವತ್ತರ ಹತ್ತಿರ, ಮೈಯೆಲ್ಲ ಬೆವರು, ಮಾತಾಡಲು ಉಸಿರಿಲ್ಲ. ಬೆವರಿಗೆ ರಬ್ಬರ್ ಬುರುಡೆ ಒಂದೂ ಎದೆಗೆ ಕಚ್ಚಿಕೊಳ್ಳಲಿಲ್ಲ. ಕಾಗದದ ಮೇಲೆ ಕೋಳಿ ಕೆರೆದಂತೆ ಗೀಚಿ ಬಂತು.

"ನಿಮಗೆ ಕನ್ನಡ ಅರ್ಥ ಆಗಲ್ವೇನ್ರೀ!" ಎಂದು ಕೂಗಾಡಿದೆ.

"ಫೇಲಾ ಡಾಕ್ಟ್ರಮ್ಮ?" ಎಂದ, ಏದುತ್ತಾ.

ಹೆಂಡತಿ ಅವನನ್ನು ಮಲಗಿಸಿ, ಬೆವರು ಒರೆಸಿ, ನಾಡಿ ಇಳಿದ ಮೇಲೆ ನನ್ನ ಹತ್ತಿರ ಬಂದು, "ನಂಗೆ ದೇವ್ರೇ ತೋರ್ಸ್ಬುಟ್ಟ. ನಾಳೆ ಬಸ್ಸಿಗೆ ಹೋಗ್ತೀನಿ," ಎಂದಳು.

ಕಾಂಪೌಂಡರು ಆ ಸಂಜೆ ಒಂದು ದಾರಿ ಹೇಳಿದರು. "ನೀವು ಹೆಣ್ಮಗಳು, ನಿಮಗ್ಯಾಕೆ ಮೇಡಂ ಈ ಮುಜುಗರ? ಗಂಡಸರ ಮಾತು, ನಾನೇ ಅವನನ್ನ ಕರ್ದು ಹೇಳ್ತೀನಿ." ನನಗೆ ಹಾಯೆನಿಸಿತು. ಆಯಿತು ಎನ್ನುವುದರಲ್ಲಿದ್ದೆ. ಆದರೆ ಕಾಂಪೌಂಡರು ಅವನಿಗೆ ಹೇಳಿ, ಅವನು ಹೋಗಿ ಹೆಂಡತಿಗೆ ಹೇಳಿದರೆ ಅವಳು ಹೇಗೆ ನಂಬಿಯಾಳು? ಡಾಕ್ಟ್ರು ರಜ ಕೊಟ್ಟವ್ರೆ ಎಂದು ಆಗಲೇ ಸುಳ್ಳು ಹೇಳಿದ್ದ ಬಾಯಿ ಅದು. ಹೆದರಿದ್ದವಳು ಅವಳು. ಹೋಗುವವಳೂ ಅವಳೇ. ನಾನೇ, ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಬೇಕು. ಅದಕ್ಕೂ ಮುಂಚೆ ಅವಳ ಕಣ್ಣೆದುರೇ ಇನ್ನೊಂದು ಸಲ ಮೆಟ್ಟಿಲು ಹತ್ತಿಸಬೇಕು ಎಂದು ಗಟ್ಟಿ ಮಾಡಿದೆ.

ಮಾರನೇ ಬೆಳಿಗ್ಗೆ ಅವಳು ಬ್ಯಾಗು ಹಿಡಿದೇ ಬಂದಿದ್ದಳು. ಇನ್ನೊಂದೇ ಒಂದು ಸಲ ಎಂದು ಕೈ ಮುಗಿದು ಕೇಳಿಕೊಂಡೆ. ಈ ಸಲ ಕಟ್ಟಳೆ ಬೇರೆ. ಅವಳು ಮುಂದೆ, ಅವನು ಹಿಂದೆ. ತೋಟದಲ್ಲಿ ಹಣ್ಣಿನ ಬುಟ್ಟಿ ಹೊತ್ತು ಹೇಗೆ ನಡೆಯುತ್ತಾಳೋ ಹಾಗೆ ಅವಳು ಹತ್ತಬೇಕು. ಅವನು ಅವಳನ್ನು ದಾಟುವಂತಿಲ್ಲ.

ಕೆಳಗಿನಿಂದ ಅವರಿಬ್ಬರೂ ಹೊರಟರು. ಅವಳದ್ದು ದಿನಾ ಗುಡ್ಡ ಹತ್ತುವವರ ಹೆಜ್ಜೆ, ನಿಧಾನವೂ ಅಲ್ಲ ಅವಸರವೂ ಅಲ್ಲ. ಹಿಂದೆ ಮೇಸ್ತ್ರಿ ಅವಳ ಹಿಮ್ಮಡಿ ನೋಡುತ್ತಾ ಬರುತ್ತಿದ್ದ. ಹತ್ತು ಮೆಟ್ಟಿಲಿಗೊಮ್ಮೆ ಅವಳು ತಿರುಗಿ ನೋಡುವಳು, "ಮುಂದೆ ನೋಡ್ಕಂಡು ಹತ್ತೇ," ಎಂದು ಅವನು ಗದರುವನು. ಮೇಲೆ ಬಂದ ಕೂಡಲೇ ಬನಿಯನ್ ಎತ್ತಿಸಿ ಬುರುಡೆ ಕೂರಿಸಿದೆ. ನಾಡಿ ನೂರಾನಾಲ್ಕು. ನೋವಿಲ್ಲ. ಇಸಿಜಿಯ ಗೆರೆ ಹತ್ತುವ ಮುಂಚೆ ತೆಗೆದದ್ದರ ಹಾಗೇ ಇತ್ತು. ಐದು ನಿಮಿಷಕ್ಕೆ ನಾಡಿ ಎಪ್ಪತ್ತಕ್ಕೆ ಇಳಿಯಿತು. ಎರಡು ಕಾಗದವನ್ನೂ ಮುಂದಿಟ್ಟುಕೊಂಡು ಗುರುಗಳಿಗೆ ಫೋನಿನಲ್ಲಿ ಓದಿ ಹೇಳಿದೆ. "ಹೇಳು ಹೋಗು ಅವರಿಗೆ," ಎಂದರು. ಈಗಿನ ಡಾಕ್ಟರುಗಳು ಈ ಪರೀಕ್ಷೆ ಕಂಡರೆ ನಕ್ಕಾರು. ನಮ್ಮ ಕೈಯಲ್ಲಿದ್ದದ್ದು ಅಷ್ಟೇ.

ಬಾಗಿಲು ಹಾಕಿ ಇಬ್ಬರನ್ನೂ ಕೂರಿಸಿದೆ. ಎದುರಿಗಿದ್ದ ತೂಕದ ಯಂತ್ರ ನೋಡುತ್ತಾ ಶುರು ಮಾಡಿದೆ. ಅರ್ಧಕ್ಕೆ ಬಂದಾಗ ಧೈರ್ಯ ಬಂದು ಅವರ ಮುಖ ನೋಡಿದೆ.

"ಈಗ ಹತ್ತಿದ್ರಲ್ಲ ನಲವತ್ತನಾಲ್ಕು ಮೆಟ್ಟಿಲು, ಗಂಡ ಹೆಂಡತಿ ಒಟ್ಟಿಗೆ ಇರೋದಕ್ಕೆ ಎದೆಗೆ ಬೀಳೋ ಭಾರ ಹೆಚ್ಚುಕಮ್ಮಿ ಅಷ್ಟೇ. ಅದನ್ನ ನಿಮ್ಮ ಎದೆ ತಡೆಯುತ್ತೆ. ಆದರೆ ತಡೆಯೋದು ಈ ಬಿಳಿ ಮಾತ್ರೆ ಇರೋದ್ರಿಂದ. ಮಾತ್ರೆ ಬಿಟ್ಟು ಹೋದ್ರೆ ಅಪಾಯ, ನುಂಗಿ ಹೋದ್ರೆ ಅಲ್ಲ. ನೀವು ತಿರುಗಾಮುರುಗಾ ಮಾಡಿದ್ದೀರಿ."

ಮೇಸ್ತ್ರಿ ಬಾಯಿ ತೆರೆದು ಕೂತಿದ್ದ. ನಾನು ಮುಂದುವರಿಸಿದೆ. ಹೊಟ್ಟೆ ತುಂಬ ಉಂಡ ಕೂಡಲೇ ಬೇಡ. ಕುಡಿದು ಬೇಡ. ತೀರಾ ದಣಿದ ದಿನ ಬೇಡ. ನೋವು ಬಂದರೆ ಅಲ್ಲಿಗೇ ನಿಲ್ಲಿಸಿ, ಎದ್ದು ಕೂತು, ನಾಲಿಗೆ ಕೆಳಗೆ ಮಾತ್ರೆ ಇಟ್ಟು, ನಮ್ಮಲ್ಲಿಗೆ ಬರಬೇಕು. ಕೆಲವರಿಗೆ ಈ ಬಿಳಿ ಮಾತ್ರೆಯಿಂದಲೇ ಗಂಡಸ್ತನ ಸ್ವಲ್ಪ ಸಡಿಲವಾಗುವುದುಂಟು. ಹಾಗಾದರೆ ನಾಚಿಕೊಳ್ಳದೆ ಹೇಳಿ, ಮಾತ್ರೆ ಬದಲಾಯಿಸಬಹುದು, ತಾನಾಗಿ ಬಿಡಬಾರದು. ಮನಸ್ಸು ಹಗುರವಾಗಿ, ಹೆದರಿಕೆಯಿಲ್ಲದೆ ಜೊತೆಗಿರುವುದು, ನಡೆಯುವುದು, ಚೆನ್ನಾಗಿ ನಿದ್ದೆ ಮಾಡುವುದು, ಇವೆಲ್ಲ ಎದೆಗೆ ಒಳ್ಳೆಯದೇ.

"ಅಂಗಾರೆ ಈ ಮಾತ್ರೆಗೆ ಅದು ಪಥ್ಯ ಅಲ್ವಾ?" ಎಂದ ಮೇಸ್ತ್ರಿ.

"ಅಲ್ಲ."

"ಒಂದು ದಿವ್ಸಾನೂ?"

"ಒಂದು ದಿವಸಾನೂ ಅಲ್ಲ ಮಾರಾಯ್ರೆ!"

ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು, ಆಮೇಲೆ ಅತ್ತಳು. ಸುಧಾರಿಸಿಕೊಂಡು, "ಇವ್ರ ಮಾತು ನಂಗೆ ನಂಬ್ಕೆ ಇಲ್ಲ. ನಾಳೆ ಇನ್ನೊಂದು ಹೇಳ್ತಾರೆ. ನೀವು ಚೀಟೀಲಿ ಬರ್ದು ಕೊಡಿ ಡಾಕ್ಟ್ರಮ್ಮ, ಸೀಲು ಹಾಕಿ," ಎಂದಳು.

ಇದನ್ನು ಹೇಗೆ ಬರೆಯುವುದು? ಇಂಗ್ಲಿಷಿನಲ್ಲಿ ಬರೆದರೆ ಅವಳಿಗಾಗಲಿ ಅವನಿಗಾಗಲಿ ಪ್ರಯೋಜನವಿಲ್ಲ. ಕನ್ನಡದಲ್ಲಿ ನನಗೆ ಪದಗಳೇ ಹೊಳೆಯಲಿಲ್ಲ. ಬಾಗಿಲಾಚೆ ಕಿವಿಗೊಟ್ಟು ನಿಂತಿದ್ದ ಕಾಂಪೌಂಡರನ್ನೇ ಕರೆದೆ. ಅವರು ಕನ್ನಡಕ ಸರಿಮಾಡಿಕೊಂಡು, ಮದುವೆ ಕರೆಯೋಲೆ ಬರೆಸುವವರ ಗತ್ತಿನಲ್ಲಿ ಹೇಳಿದರು, ನಾನು ಬರೆದೆ: "ಮಾತ್ರೆಯನ್ನು ಒಂದು ದಿನವೂ ತಪ್ಪಿಸುವಂತಿಲ್ಲ. ಸತಿಪತಿಗಳು ಕೂಡಿ ಬಾಳುವುದಕ್ಕೆ ಈ ಮಾತ್ರೆಯ ಪಥ್ಯ ಇರುವುದಿಲ್ಲ." ಸಹಿ ಹಾಕಿ, ಆಸ್ಪತ್ರೆಯ ಸೀಲು ಒತ್ತಿದೆ. ಅವಳು ಚೀಟಿಯನ್ನು ಬೀಡಿ ಡಬ್ಬಿಯಲ್ಲಿ ಮಡಚಿಟ್ಟುಕೊಂಡಳು. ಬ್ಯಾಗನ್ನು ಮೇಸ್ತ್ರಿ ಹಿಡಿದುಕೊಂಡ. ಆಲೂರಿನ ಬಸ್ಸು ಅವರ ಕಣ್ಣೆದುರೇ ಹೋಯಿತು.

ಅವನ ನಾಡಿ ಮತ್ತೆಂದೂ ಸೋಮವಾರ ಏರಲಿಲ್ಲ. ಅದೇ ವರ್ಷ ಮಳೆ ಕಳೆದ ಮೇಲೆ ಹೆಂಡತಿಯೇ ಹಾಸನಕ್ಕೆ ಕರೆದುಕೊಂಡು ಹೋಗಿ ಟ್ರೆಡ್‌ಮಿಲ್ ಮಾಡಿಸಿಕೊಂಡು ಬಂದಳು. ಅವನನ್ನು ಮರ ಹತ್ತಿಸುವುದು ಬೇಡ ಎಂದು ತೋಟದವರಿಗೆ ಹೇಳಿದೆ. ಅವನು ಕೆಳಗೆ ನಿಂತು ಉಳಿದವರಿಗೆ ಹೇಳಿಕೊಡುವ ಮೇಸ್ತ್ರಿಯಾದ.

ಚೀಟಿಯ ಸುದ್ದಿ ಗುಟ್ಟಾಗಿ ಉಳಿಯಲಿಲ್ಲ. ಒಂದು ತಿಂಗಳಿಗೆ ದೊಡ್ಡ ತೋಟದ ಯಜಮಾನರೊಬ್ಬರು ಸ್ವಂತ ಜೀಪಿನಲ್ಲಿ ಬಂದು, ಮಳೆ ಬೆಳೆ ಎಲ್ಲ ಮಾತಾಡಿ, ಏಳುವಾಗ, "ಆ ಮೇಸ್ತ್ರಿಗೆ ಏನೋ ಬರ್ದು ಕೊಟ್ರಂತಲ್ಲ ಡಾಕ್ಟ್ರೇ, ನಂದೂ ಬೀಪಿ ಮಾತ್ರೆ ಐತೆ," ಎಂದರು. ಅಲ್ಲಿಂದ ನಾನು ದಿನಾ ನುಂಗುವ ಯಾವ ಮಾತ್ರೆ ಕೊಟ್ಟರೂ, ಅವರು ಕೇಳುವ ಮುಂಚೆ ನಾನೇ "ಪಥ್ಯ" ಎಂದು ತಲೆಬರಹ ಹಾಕಿ ಎಲ್ಲವನ್ನೂ ಬರೆಯತೊಡಗಿದೆ. ಬದನೆಕಾಯಿ ತಿನ್ನಬಹುದು ಎಂಬುದನ್ನೂ ಸೇರಿಸಿ. ವೈದ್ಯಳಾಗಿ ನಾನು ಕಲಿತ ದೊಡ್ಡ ಪಾಠ ಅದು. ಕಲಿಸಿದವಳು ಆ ಹೆಂಗಸು. ನಾನು ಅವಳ ಋಣದಲ್ಲಿದ್ದೇನೆ.

ಐದು ವರ್ಷದ ಮೇಲೆ ನಾನು ಆ ಕೆಲಸ ಬಿಟ್ಟು ಹೊರಡುವ ದಿನ ಗಂಡ ಹೆಂಡತಿ ಇಬ್ಬರೂ ಬಂದರು. ಮೇಸ್ತ್ರಿ ಒಂದು ಚೀಲ ಮೆಣಸು ತಂದಿದ್ದ. ನೆಲದ ಮೇಲೆ ನಿಂತೇ ಬಿಡಿಸಿದ್ದು ಕಣಮ್ಮ, ಬೈಬ್ಯಾಡಿ ಎಂದ. ಹೆಂಡತಿ ಬೀಡಿ ಡಬ್ಬಿ ತೆಗೆದಳು. ಚೀಟಿ ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗಿತ್ತು. ಹಿಂದೆ ಅನ್ನದ ಅಗುಳು ಹಚ್ಚಿ ಅಂಟಿಸಿದ್ದಳು.

"ಹೊಸ ಡಾಕ್ಟ್ರು ಬತ್ತಾರಲ್ಲ ಡಾಕ್ಟ್ರಮ್ಮ, ಅವ್ರು ಬಂದ್ಮ್ಯಾಲೂ ಇದು ನಡೀತದಾ?"

ಹೊಸ ಚೀಟಿ ತೆಗೆದುಕೊಂಡು ಅದೇ ಎರಡು ಸಾಲು ಮತ್ತೆ ಬರೆದು, ಸಹಿ ಹಾಕಿ, ಸೀಲು ಒತ್ತಿದೆ.

"ಎಷ್ಟು ದಿವ್ಸಕ್ಕೆ ಅಂತಲೂ ಹಾಕ್ಬುಡಿ," ಎಂದಳು.

ಕೆಳಗೆ ಬರೆದೆ: ಜೀವ ಇರುವ ತನಕ.